ನಾಳೆಗೆಂದು ಮಡಿಸಿಟ್ಟ ಹಾಳೆ

ಬರೆಯಬೇಕೆಂಬ ಹಂಬಲ ಒಮ್ಮೆಯೂ ಸುಳಿಯದ ಮನೆ ನಮ್ಮಲ್ಲಿ ವಿರಳ. ಅಜ್ಜ ನಡೆದು ಬಂದ ದಾರಿಯನ್ನು, ಅವ್ವ ಬೀಸುವಾಗ ಹಾಡುತ್ತಿದ್ದ ಹಾಡನ್ನು, ಬರಗಾಲದ ವರ್ಷದಲ್ಲಿ ಸಂಸಾರ ಉಳಿದು ಬಂದ ಬಗೆಯನ್ನು ಎಂದಾದರೊಂದು ದಿನ ಬರೆದಿಡಬೇಕೆಂದು ಅಂದುಕೊಳ್ಳದವರಾರು? ಕೆಲವರು ಅದಕ್ಕೆಂದೇ ಹೊಸ ನೋಟುಪುಸ್ತಕವೊಂದನ್ನು ತಂದಿರುತ್ತಾರೆ. ಮೊದಲ ಪುಟದಲ್ಲಿ ‘ಓಂ ಶ್ರೀ ಗುರುಬಸವಲಿಂಗಾಯ ನಮಃ’ ಎಂದು ಬರೆದು, ಎರಡನೆಯ ಪುಟದಲ್ಲಿ ನಾಲ್ಕು ಸಾಲು ಮೂಡಿಸಿರುತ್ತಾರೆ. ಮೂರನೆಯ ಪುಟದಿಂದ ಆ ಪುಸ್ತಕ ಹಾಲಿನ ಲೆಕ್ಕಕ್ಕೋ ಕಿರಾಣಿಯ ಲೆಕ್ಕಕ್ಕೋ ಸಂದಿರುತ್ತದೆ.

ಇಂಥದೊಂದು ನೋಟುಪುಸ್ತಕ ನನ್ನಲ್ಲಿಯೂ ಇತ್ತು. ಸಂಕೋಚವನ್ನು ಬದಿಗಿಟ್ಟು ಅದರ ಕಥೆಯನ್ನೇ ಮೊದಲು ಹೇಳುತ್ತೇನೆ.

ನನ್ನ ತವರು ಧಾರವಾಡ ಜಿಲ್ಲೆಯ ಒಂದು ಹಳ್ಳಿ. ಮದುವೆಯಾದ ಮೇಲೆ ಯಜಮಾನರ ಉದ್ಯೋಗದ ನಿಮಿತ್ತ ಮಣಿಪಾಲಕ್ಕೆ ಬಂದು ನೆಲೆಸಿದೆವು. 2010ರಲ್ಲಿ ಕಣ್ಣಿನ ಚಿಕಿತ್ಸೆಗೆಂದು ಬಂದ ನನ್ನ ಅವ್ವ ಎರಡು ತಿಂಗಳು ನಮ್ಮೊಡನಿದ್ದಳು. ಹೊರಗೆ ಎಡೆಬಿಡದ ಮಳೆ. ಒಳಗೆ ಅವಳ ಮಾತು. ಶಾಲೆಯ ಮೆಟ್ಟಿಲು ಹತ್ತದ ಅವಳು, ವಚನಗಳನ್ನು ತಾನೇ ಓದಬೇಕೆಂಬ ಆಸೆಯಿಂದ ನಲವತ್ತರ ಮೇಲೆ ಮಕ್ಕಳ ಪಾಟಿಯ ಮುಂದೆ ಕುಳಿತು ಅಕ್ಷರ ಕಲಿತವಳು. ಹಿರಿಯರ ಮಾತು ಮೀರಿ, ಮೈಮೇಲಿನ ಬಂಗಾರವನ್ನು ಗುಟ್ಟಾಗಿ ಒತ್ತೆಯಿಟ್ಟು ನನ್ನನ್ನು ಕಾಲೇಜಿಗೆ ಕಳುಹಿಸಿದವಳು. ಇದನ್ನೆಲ್ಲ ಒಂದು ಪುಸ್ತಕವಾಗಿ ಬರೆಯುತ್ತೇನೆಂದು ಅವಳಿಗೆ ಮಾತು ಕೊಟ್ಟೆ. ಅಂದಿನಿಂದ ಪ್ರತಿ ಸಲ ಭೇಟಿಯಾದಾಗಲೂ ಅವಳದು ಒಂದೇ ಪ್ರಶ್ನೆ: “ಬರೀತೇನಿ ಅಂದಿದ್ಯಲ್ಲ ಯವ್ವಾ, ಬರದೇನು?” ನನ್ನದು ಒಂದೇ ಉತ್ತರ: “ಇನ್ನೊಂದೀಟು ಪುರುಸೊತ್ತಾಗಲಿ ಅವ್ವಾ.”

ಒಂಬತ್ತು ವರ್ಷ ಹೀಗೆಯೇ ಕಳೆಯಿತು. 2019ರ ಶ್ರಾವಣದಲ್ಲಿ ಅವ್ವ ಲಿಂಗೈಕ್ಯಳಾದಳು. ಕಾರ್ಯಗಳೆಲ್ಲ ಮುಗಿದು ಮರಳಿ ಬಂದಾಗ ಆ ನೋಟುಪುಸ್ತಕವನ್ನು ತೆರೆದೆ. ನಾಲ್ಕೇ ಸಾಲು. ಅವಳು ಹಾಡುತ್ತಿದ್ದ ಬೀಸುವ ಪದದ ಎರಡನೆಯ ನುಡಿ ನೆನಪಿಗೆ ಬರಲಿಲ್ಲ. ಬಂಗಾರ ಒತ್ತೆಯಿಟ್ಟ ಊರು ಯಾವುದೆಂದು ಕೇಳೋಣವೆಂದರೆ ಕೇಳಲು ಅವಳೇ ಇರಲಿಲ್ಲ. ಆಲಸ್ಯದ ಬೆಲೆ ಎಷ್ಟೆಂಬುದು ನನಗೆ ಆ ದಿನ ತಿಳಿಯಿತು.

ಆಲಸ್ಯದ ವೇಷದಲ್ಲಿ ಬರುವ ಅಂಜಿಕೆ

ಆಲಸ್ಯವೆಂದೆ, ಆದರೆ ಅದು ನಿಜವಾಗಿ ಆಲಸ್ಯವೇ? ಆ ಒಂಬತ್ತು ವರ್ಷಗಳಲ್ಲಿ ನಾನು ಅಡುಗೆಯನ್ನು ಮುಂದೂಡಲಿಲ್ಲ, ಮಕ್ಕಳ ಶಾಲೆಯ ಶುಲ್ಕವನ್ನು ಮುಂದೂಡಲಿಲ್ಲ. ಮುಂದೂಡಿದ್ದು ಬರವಣಿಗೆಯೊಂದನ್ನೇ. ಮೈಗಳ್ಳತನವೇ ಆಗಿದ್ದರೆ ಎಲ್ಲ ಕೆಲಸದಲ್ಲಿಯೂ ತೋರಬೇಕಿತ್ತು. ಬರೆಯಲು ಕುಳಿತಾಗ ಮಾತ್ರ ತೋರುವ ಈ ಜಡತೆಯ ಬೇರು ಬೇರೆಡೆಯೇ ಇದೆ.

ಕುಳಿತು ಯೋಚಿಸಿದಾಗ ಮೂರು ಅಂಜಿಕೆಗಳು ಕಂಡವು. ಮೊದಲನೆಯದು, ‘ಬರೆಯಲು ನಾನಾರು?’ ಎಂಬುದು. ಎರಡನೆಯದು, ‘ನೆಂಟರಿಷ್ಟರು ಏನೆಂದುಕೊಂಡಾರು?’ ಎಂಬುದು. ಬಂಗಾರದ ಸಂಗತಿ ಬರೆದರೆ ಹಿರಿಯಣ್ಣ ನೊಂದುಕೊಂಡಾನೆಂಬ ಅಳುಕು ನನಗೆ ಬಲವಾಗಿತ್ತು. ಮೂರನೆಯದು, ‘ಚೆನ್ನಾಗಿ ಬಾರದಿದ್ದರೆ?’ ಎಂಬುದು. ಮನಸ್ಸಿನಲ್ಲಿರುವಷ್ಟು ಕಾಲ ಪುಸ್ತಕ ಸುಂದರವಾಗಿಯೇ ಇರುತ್ತದೆ. ಹಾಳೆಗಿಳಿದೊಡನೆ ಅದರ ಕುಂದು ಕಾಣತೊಡಗುತ್ತದೆ.

ಇಂದಿನ ಮನಶ್ಶಾಸ್ತ್ರಜ್ಞರು ಹೇಳುವುದೂ ಇದಕ್ಕೆ ಹತ್ತಿರವಾದ ಮಾತೇ. ಕೆಲಸವನ್ನು ಮುಂದೂಡುವುದು ಬಹುಮಟ್ಟಿಗೆ ಸಮಯದ ಅಭಾವದಿಂದಲ್ಲ. ಆ ಕೆಲಸ ಹುಟ್ಟಿಸುವ ಕಳವಳದಿಂದ ತಪ್ಪಿಸಿಕೊಳ್ಳುವುದಕ್ಕಾಗಿ. ‘ನಾಳೆ’ ಎಂದೊಡನೆ ಎದೆ ಹಗುರಾಗುತ್ತದೆ. ಆ ಹಗುರವೇ ಗಾಳದ ತುದಿಯ ಎರೆ. ಅದರ ರುಚಿ ಹತ್ತಿದ ಮನಸ್ಸು ಮರುದಿನವೂ ‘ನಾಳೆ’ ಎನ್ನುತ್ತದೆ. ಇತ್ತ ಬರೆಯದ ಹಾಳೆಯ ಭಾರ ದಿನದಿಂದ ದಿನಕ್ಕೆ ಹೆಚ್ಚುತ್ತದೆ.

ಹಾಗಾದರೆ ಅಂಜಿಕೆ ಹೋದ ಮೇಲೆ ಬರೆಯಬೇಕೆ? ಹಾಗೆಂದು ಕಾಯುತ್ತ ಕುಳಿತರೆ ಯಾರೂ ಬರೆಯಲಾರರು. ಇದನ್ನು ನಾನು ಕಲಿತದ್ದು ನಾನಿರುವ ಈ ಸೀಮೆಯ ಬರಹಗಾರರ ಬಾಳಿನಿಂದಲೇ.

ನಂದಳಿಕೆಯ ವ್ಯಾಯಾಮ ಶಿಕ್ಷಕ

ಕಾರ್ಕಳ ತಾಲ್ಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪನವರನ್ನು ಕನ್ನಡಿಗರು ಬಲ್ಲುದು ಕವಿ ಮುದ್ದಣನೆಂದು. ಬಡತನದಲ್ಲಿ ಬೆಳೆದವರು. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿ ಹೊಟ್ಟೆ ಹೊರೆದವರು. ಪಂಡಿತರ ಸಾಲಿನಲ್ಲಿ ಅವರಿಗೆ ಮಣೆ ಹಾಕುವವರಿರಲಿಲ್ಲ. ಆದರೂ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕಂ’, ‘ಶ್ರೀ ರಾಮಾಶ್ವಮೇಧಂ’ ಎಂಬ ಮೂರು ಕೃತಿಗಳನ್ನು ಹಳಗನ್ನಡದ ಧಾಟಿಯಲ್ಲಿ ರಚಿಸಿದರು.

ರಚಿಸಿ ಮೈಸೂರಿನ ಪತ್ರಿಕೆಯವರಿಗೆ ಕಳುಹಿಸುವಾಗ ಅವು ತಮ್ಮವೆಂದು ಹೇಳಿಕೊಳ್ಳಲಿಲ್ಲ. ಪ್ರಾಚೀನ ಕೃತಿಗಳೆಂದೇ ಕಳುಹಿಸಿದರು. ಸಾಮಾನ್ಯ ಶಿಕ್ಷಕನೊಬ್ಬನ ಹೊಸ ಬರಹಕ್ಕೆ ಮನ್ನಣೆ ದೊರೆಯದೆಂಬ ಅಳುಕೇ ಇದಕ್ಕೆ ಕಾರಣವಿರಬೇಕೆಂದು ಬಲ್ಲವರು ಹೇಳುತ್ತಾರೆ. 1901ರಲ್ಲಿ, ಮೂವತ್ತೊಂದರ ಕಿರಿಯ ವಯಸ್ಸಿನಲ್ಲಿ, ಕ್ಷಯರೋಗ ಅವರನ್ನು ಕೊಂಡೊಯ್ದಿತು. ಆ ಕೃತಿಗಳ ಕರ್ತೃ ಅವರೇ ಎಂಬುದು ನಾಡಿಗೆ ನಿಶ್ಚಿತವಾಗಿ ತಿಳಿದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ.

ಹೊಸದನ್ನು ಹಳೆಯದೆಂದು ಹೇಳಿದ ರೀತಿಯನ್ನು ನಾವು ಅನುಸರಿಸಬೇಕಿಲ್ಲ. ಗಮನಿಸಬೇಕಾದುದು ಬೇರೆಯೇ. ‘ನಾನಾರು?’ ಎಂಬ ಅಂಜಿಕೆ ಮುದ್ದಣನನ್ನು ಕಡೆಯವರೆಗೂ ಬಿಟ್ಟಂತೆ ಕಾಣದು. ಆದರೆ ಅದು ಅವರ ಹೆಸರನ್ನು ಮುಚ್ಚಿತೇ ಹೊರತು ಅವರ ಲೇಖನಿಯನ್ನು ಮುಚ್ಚಲಿಲ್ಲ. ನಲವತ್ತಾದ ಮೇಲೆ ನೋಡೋಣ, ಸ್ಥಿತಿಗತಿ ಸುಧಾರಿಸಲಿ ಎಂದು ಅವರು ಕುಳಿತಿದ್ದರೆ ಕನ್ನಡಕ್ಕೆ ‘ರಾಮಾಶ್ವಮೇಧ’ವೇ ಇರುತ್ತಿರಲಿಲ್ಲ. ಅವರಿಗೆ ನಲವತ್ತು ಬರಲೇ ಇಲ್ಲ.

ಆ ಕೃತಿಯಲ್ಲಿ ಇನ್ನೊಂದು ಪಾಠವೂ ಅಡಗಿದೆ. ಅಲ್ಲಿ ಮುದ್ದಣನು ಕಥೆ ಹೇಳುವುದು ಲೋಕಕ್ಕಲ್ಲ, ಮಡದಿ ಮನೋರಮೆಗೆ. ಅವಳು ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ, ಅರ್ಥವಾಗದ ಮಾತು ಬಂದರೆ ತಡೆದು ಕೇಳುತ್ತಾಳೆ, ಛೇಡಿಸುತ್ತಾಳೆ, ಮೆಚ್ಚುತ್ತಾಳೆ. ಸಾವಿರ ಜನರ ಸಭೆಯನ್ನು ನೆನೆದರೆ ಯಾರ ನಾಲಗೆಯಾದರೂ ಒಣಗೀತು. ಕಣ್ಣೆದುರಿನ ಒಬ್ಬ ಆತ್ಮೀಯರಿಗೆ ಹೇಳುತ್ತಿದ್ದೇನೆಂದುಕೊಂಡರೆ ಮಾತು ತಾನಾಗಿ ಬರುತ್ತದೆ.

ಬೇಡವೆಂದರೂ ಅಚ್ಚಾದ ಕಥೆ

ಎರಡನೆಯ ಅಂಜಿಕೆಗೆ ಉತ್ತರ ನಮ್ಮ ಮಣಿಪಾಲದಲ್ಲಿಯೇ ದೊರೆಯುತ್ತದೆ. ಕನ್ನಡದ ಹಿರಿಯ ಕಥೆಗಾರ್ತಿ ವೈದೇಹಿಯವರು ನೆಲೆಸಿರುವುದು ಇಲ್ಲಿಯೇ. 1945ರಲ್ಲಿ ಕುಂದಾಪುರದ ತುಂಬು ಕುಟುಂಬದಲ್ಲಿ ಜನಿಸಿದ ಅವರ ಹೆಸರು ವೈದೇಹಿ ಅಲ್ಲ, ಜಾನಕಿ ಶ್ರೀನಿವಾಸಮೂರ್ತಿ. ಆ ಕಾವ್ಯನಾಮ ಬಂದ ಬಗೆ ಸ್ವಾರಸ್ಯಕರವಾದುದು.

ಅವರು ‘ಸುಧಾ’ ವಾರಪತ್ರಿಕೆಗೆ ಕಥೆಯೊಂದನ್ನು ಕಳುಹಿಸಿದರು. ಕಳುಹಿಸಿದ ಮೇಲೆ, ಅದರಲ್ಲಿ ನಿಜವಾಗಿ ನಡೆದ ಸಂಗತಿ ಇರುವುದರಿಂದ ಪ್ರಕಟಿಸಬಾರದೆಂದು ಪತ್ರ ಬರೆದರು. ಸಂಪಾದಕರು ಕಥೆಯನ್ನು ಕೈಬಿಡಲಿಲ್ಲ. ಲೇಖಕಿಯ ಹೆಸರನ್ನು ‘ವೈದೇಹಿ’ ಎಂದು ಬದಲಿಸಿ ಅಚ್ಚು ಹಾಕಿದರು. ಅಂದು ಮರೆಗೆಂದು ಬಂದ ಆ ಹೆಸರೇ ಮುಂದೆ ನಾಡಿನ ಮನೆಮಾತಾಯಿತು. 1979ರಲ್ಲಿ ‘ಮರ ಗಿಡ ಬಳ್ಳಿ’ ಎಂಬ ಮೊದಲ ಕಥಾಸಂಕಲನ ಹೊರಬಂದಿತು. ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಬರೆದದ್ದನ್ನು ಹಿಂದಕ್ಕೆ ಪಡೆಯಬೇಕೆಂಬ ತಳಮಳ ದೊಡ್ಡ ಲೇಖಕಿಗೂ ಬಂದಿತ್ತೆಂದ ಮೇಲೆ ನಮಗೆ ಬಂದರೆ ನಾಚಿಕೆಪಡಬೇಕಾದುದಿಲ್ಲ. ಪರರಿಗೆ ನೋವಾಗಬಾರದೆಂಬ ಎಚ್ಚರ ಒಳ್ಳೆಯ ಗುಣವೇ. ಅದಕ್ಕೆ ಹೆಸರು ಬದಲಿಸುವ, ಊರು ಬದಲಿಸುವ ದಾರಿಗಳಿವೆ. ಬರೆಯದೆ ಸುಮ್ಮನಾಗುವುದೊಂದೇ ದಾರಿಯಲ್ಲ.

ಇನ್ನೊಂದು ಮಾತು. ನಮ್ಮ ಸೀಮೆಯ ಆಡುಮಾತು ಪುಸ್ತಕಕ್ಕೆ ಸಲ್ಲುವುದೇ ಎಂಬ ಕೀಳರಿಮೆ ನನ್ನನ್ನು ಬಹಳ ಕಾಡಿತ್ತು. ಅವ್ವನ ಮಾತನ್ನು ಗ್ರಾಂಥಿಕ ಭಾಷೆಗೆ ತಿರುಗಿಸಿದರೆ ಅವ್ವನೇ ಮಾಯವಾಗುತ್ತಿದ್ದಳು. ವೈದೇಹಿಯವರ ಕಥೆಗಳಲ್ಲಿ ಕುಂದಾಪುರದ ಹೆಂಗಸರು ಕುಂದಾಪುರದ ಕನ್ನಡದಲ್ಲಿಯೇ ಮಾತನಾಡುವುದನ್ನು ಓದಿದ ಮೇಲೆ ನನ್ನ ಅವ್ವನಿಗೂ ಅವಳ ಮಾತನ್ನೇ ಬಿಟ್ಟುಕೊಟ್ಟೆ.

ಇಪ್ಪತ್ತೆರಡರ ಪದ್ಯ, ಅರುವತ್ತಾರರ ಮೂಕಜ್ಜಿ

‘ಚೆನ್ನಾಗಿ ಬಾರದಿದ್ದರೆ?’ ಎಂಬ ಮೂರನೆಯ ಅಂಜಿಕೆಗೆ ಕೋಟದ ಶಿವರಾಮ ಕಾರಂತರ ಬಾಳೇ ಉತ್ತರ. 1902ರಲ್ಲಿ ಜನಿಸಿದ ಅವರ ಮೊದಲ ಪುಸ್ತಕ 1924ರಲ್ಲಿ ಅಚ್ಚಾದ ‘ರಾಷ್ಟ್ರಗೀತ ಸುಧಾಕರ’ವೆಂಬ ಕವನ ಸಂಕಲನ. ಇಂದು ಕಾರಂತರನ್ನು ಕವಿಯೆಂದು ನೆನೆಯುವವರು ಕಡಿಮೆ. ‘ಮೂಕಜ್ಜಿಯ ಕನಸುಗಳು’ ಕಾದಂಬರಿ ಹೊರಬಂದುದು 1968ರಲ್ಲಿ. ಅದಕ್ಕೆ ಜ್ಞಾನಪೀಠ ಪ್ರಶಸ್ತಿ ದೊರೆತುದು 1977ರಲ್ಲಿ. ಮೊದಲ ಪುಸ್ತಕಕ್ಕೂ ಮೂಕಜ್ಜಿಗೂ ನಡುವೆ ನಲವತ್ತನಾಲ್ಕು ವರ್ಷಗಳ ದುಡಿಮೆಯಿದೆ.

ಮೊದಲ ಪುಸ್ತಕವೇ ಶ್ರೇಷ್ಠವಾಗಿರಬೇಕೆಂದು ಆ ಇಪ್ಪತ್ತೆರಡರ ತರುಣ ಹಟ ಹಿಡಿದಿದ್ದರೆ ಎರಡನೆಯದು ಬರುತ್ತಿತ್ತೇ? ಕಾರಂತರು ಕಾದಂಬರಿ ಬರೆದರು, ನಾಟಕ ಬರೆದರು, ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಸಿದ್ಧಪಡಿಸಿದರು, ಯಕ್ಷಗಾನದ ಅಧ್ಯಯನ ಮಾಡಿದರು. ತೊಂಬತ್ತು ದಾಟಿದ ಮೇಲೆಯೂ ಹಕ್ಕಿಗಳ ವಿಷಯವಾಗಿ ಬರೆಯುತ್ತಿದ್ದರು. ಒಟ್ಟು ಕೃತಿಗಳ ಸಂಖ್ಯೆ ನಾನೂರನ್ನು ಮೀರುತ್ತದೆ. ಅವೆಲ್ಲವೂ ಒಂದೇ ಮಟ್ಟದವೆಂದು ಅವರ ಅಭಿಮಾನಿಗಳೂ ಹೇಳಲಾರರು. ಹಲವು ಬರೆದವರ ಕೈಯಿಂದಲೇ ಕೆಲವು ಉತ್ತಮವಾದವು ಬರುತ್ತವೆ. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಅವರು ಕೊನೆಯುಸಿರೆಳೆದಾಗ ಒಂದು ಶತಮಾನದ ದುಡಿಮೆಯೇ ನಿಂತಂತಾಯಿತು.

ದಿನಕ್ಕೆರಡಾಣೆಯ ಬರವಣಿಗೆ

ಅಂಜಿಕೆಯೊಡನೆಯೇ ಬರೆಯಬೇಕೆಂಬುದು ಸರಿ, ಆದರೆ ಹೇಗೆ? ಇದಕ್ಕೂ ಈ ಊರಿನಲ್ಲಿಯೇ ಒಂದು ದೃಷ್ಟಾಂತವಿದೆ. 1925ರಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು ಉಡುಪಿಯಲ್ಲಿ ಬ್ಯಾಂಕೊಂದನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನಗೊಂಡದ್ದು ಅದೇ. ಆ ಬ್ಯಾಂಕು 1928ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನವರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ನೂರು ರೂಪಾಯಿ ಕೂಡಿದ ಮೇಲೆ ಇಡುತ್ತೇನೆಂದವರ ಕೈಯಲ್ಲಿ ನೂರು ಎಂದೂ ಕೂಡಲಿಲ್ಲ. ದಿನಕ್ಕೆರಡಾಣೆ ಕಟ್ಟಿದವರ ಮನೆಯಲ್ಲಿ ಮಗಳ ಮದುವೆಗೋ ಮಗನ ಓದಿಗೋ ಒಂದು ಗಂಟು ಸಿದ್ಧವಿರುತ್ತಿತ್ತು.

ಬರವಣಿಗೆಯೂ ಹೀಗೆಯೇ. ರಜೆ ಬರಲಿ, ಮಕ್ಕಳ ಪರೀಕ್ಷೆ ಮುಗಿಯಲಿ, ಒಂದು ತಿಂಗಳು ಪೂರ್ತಿ ಕೂರುತ್ತೇನೆ ಎನ್ನುವವರಿಗೆ ಆ ತಿಂಗಳು ಬರುವುದೇ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ ಅವರು 1980ರ ದಶಕದಲ್ಲಿ ಕಾಲೇಜು ಅಧ್ಯಾಪಕರ ಬರವಣಿಗೆಯ ರೂಢಿಯನ್ನು ಅಭ್ಯಸಿಸಿದರು. ಸ್ಫೂರ್ತಿಗಾಗಿ, ದೊಡ್ಡ ಬಿಡುವಿಗಾಗಿ ಕಾಯುವವರಿಗಿಂತ ದಿನವೂ ಸ್ವಲ್ಪ ಹೊತ್ತು ನಿಯಮದಿಂದ ಬರೆಯುವವರೇ ಹೆಚ್ಚು ಬರೆಯುತ್ತಾರೆಂದು, ಅವರಿಗೇ ಹೊಸ ವಿಚಾರಗಳೂ ಹೆಚ್ಚು ಹೊಳೆಯುತ್ತವೆಂದು ಅವರು ಕಂಡುಕೊಂಡರು.

ನಾನು ಪಾಲಿಸಿದ ಕ್ರಮವನ್ನು ಆಸಕ್ತರಿಗಾಗಿ ಇಲ್ಲಿ ಬರೆಯುತ್ತೇನೆ. ಬೆಳಗಿನ ಇಷ್ಟಲಿಂಗ ಪೂಜೆ ಮುಗಿದು, ಒಲೆ ಹೊತ್ತಿಸುವ ಮುನ್ನ ಕಾಲು ಗಂಟೆ. ಅದಕ್ಕಿಂತ ಹೆಚ್ಚಿಗೆ ಹಟವಿಲ್ಲ. ಎಲ್ಲಿಂದ ಆರಂಭಿಸಬೇಕೆಂದು ತೋಚದ ದಿನ ಅವ್ವನ ಒಂದು ವಸ್ತುವನ್ನು ಕುರಿತು ಬರೆದೆ: ಅವಳ ಪಾಟಿ, ಅವಳ ವಿಭೂತಿಯ ಕರಡಿಗೆ, ಅವಳ ಕನ್ನಡಕ. ಬರೆಯುವಾಗ ತಿದ್ದಲಿಲ್ಲ, ತಿದ್ದಲು ಭಾನುವಾರವನ್ನು ಬೇರೆಯಾಗಿ ಇಟ್ಟುಕೊಂಡೆ. ಮಾತು ಇನ್ನೂ ಉಳಿದಿರುವಾಗಲೇ ಲೇಖನಿ ಕೆಳಗಿಟ್ಟೆ. ಹಾಗೆ ಮಾಡಿದರೆ ಮರುದಿನ ಎಳೆ ಹಿಡಿಯುವುದು ಸುಲಭ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಬರೆದು ತೀರಿಸಲು ಹೋಗಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚಿಗೆ ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿಸಿದ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಅಂದಂದಿನದು ಅಂದಂದಿಗೆ ಸಾಕು.

ಕಾಯಕವೂ ದಾಸೋಹವೂ

ಈ ಮಾತು ನಮ್ಮ ಮನೆಗಳಿಗೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ವಚನ ರಚಿಸಿದವರೆಲ್ಲ ಪಂಡಿತರಾಗಿರಲಿಲ್ಲ. ದೋಣಿ ನಡೆಸುವವರಿದ್ದರು, ಹಗ್ಗ ಹೊಸೆಯುವವರಿದ್ದರು, ಅಕ್ಕಿ ಆಯುವವರಿದ್ದರು. ‘ಬರೆಯಲು ನಾನಾರು?’ ಎಂದು ಅವರು ಹಿಂಜರಿದಿದ್ದರೆ ನಮ್ಮ ಪಾಲಿಗೆ ಏನು ಉಳಿಯುತ್ತಿತ್ತು? ಅವರಲ್ಲಿ ಹೆಚ್ಚಿನವರು ವಚನದ ಕೊನೆಗೆ ತಮ್ಮ ಹೆಸರನ್ನಿಡದೆ ಇಷ್ಟದೈವದ ಹೆಸರನ್ನಿಟ್ಟರು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕನವರದು ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುಗಳದು ಗುಹೇಶ್ವರ. ಅಂಬಿಗರ ಚೌಡಯ್ಯನವರಾದರೋ ತಮ್ಮ ಹೆಸರನ್ನೇ ಅಂಕಿತವಾಗಿಟ್ಟು ಎದೆಗಾರಿಕೆಯಿಂದ ನುಡಿದರು. ಎರಡೂ ದಾರಿಗಳು ನಮ್ಮವೇ. ಬರಹ ನನ್ನ ಹಿರಿಮೆಯ ಪರೀಕ್ಷೆಯೆಂದುಕೊಂಡರೆ ಕೈ ನಡುಗುತ್ತದೆ. ಅದು ಒಪ್ಪಿಸಬೇಕಾದ ಕಾಯಕವೆಂದುಕೊಂಡರೆ ನಡುಕಕ್ಕೆ ಎಡೆ ಕಡಿಮೆ.

ಕಾಯಕ ದಾಸೋಹದಲ್ಲಿ ಪೂರ್ಣಗೊಳ್ಳುವಂತೆ ಬರಹ ಓದುಗರ ಕೈಸೇರಿದಾಗ ಪೂರ್ಣವಾಗುತ್ತದೆ. ಪೆಟ್ಟಿಗೆಯಲ್ಲಿಟ್ಟ ಬರಹ ಬಡಿಸದೆ ಉಳಿದ ಅಡುಗೆ. ನನಗೆ ಅತ್ಯಂತ ಕಷ್ಟವಾದುದು ಈ ಕೊನೆಯ ಹೆಜ್ಜೆಯೇ. 2020ರಲ್ಲಿ ಆರಂಭಿಸಿದ ಬರವಣಿಗೆ ಮುಗಿದುದು 2022ರ ಕೊನೆಗೆ, ತೊಂಬತ್ತು ಪುಟಗಳು. ನಾನು ಯಾರಿಗೆ ಅಂಜಿದ್ದೆನೋ ಆ ಹಿರಿಯಣ್ಣನ ಮುಂದೆಯೇ ಮೊದಲು ಓದಬೇಕೆಂದು ಊರಿಗೆ ಹೋದೆ. ಬಂಗಾರದ ಅಧ್ಯಾಯಕ್ಕೆ ಬಂದಾಗ ನನ್ನ ಧ್ವನಿ ತಗ್ಗಿತು. ಅಣ್ಣ ತಲೆ ತಗ್ಗಿಸಿ ಕುಳಿತಿದ್ದ. ಓದಿ ಮುಗಿಸಿದ ಮೇಲೂ ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ ವಲ್ಲಿಯಿಂದ ಕಣ್ಣೊರೆಸಿಕೊಂಡು ಹೇಳಿದ:

“ಬಳಿ ಅಲ್ಲ ತಂಗಿ, ಅವ್ವ ಒತ್ತಿ ಇಟ್ಟದ್ದು ಬೋರಮಾಳ ಸರ. ನಾನ ಹೋಗಿ ಇಟ್ಟು ಬಂದಿದ್ದೆ. ಅದನ್ನಷ್ಟು ತಿದ್ದಿ ಬರಿ.”

ಯಾರಿಗೆ ತಿಳಿದೀತೆಂದು ಒಂಬತ್ತು ವರ್ಷ ಅಂಜಿದ್ದೆನೋ ಅವನಿಗೇ ಆ ಗುಟ್ಟು ಮೊದಲಿನಿಂದ ತಿಳಿದಿತ್ತು! ಒತ್ತೆಯಿಟ್ಟ ಊರಿನ ಹೆಸರನ್ನೂ ಅವನೇ ಹೇಳಿದ. ಬೀಸುವ ಪದದ ಎರಡನೆಯ ನುಡಿ ಮಾತ್ರ ಅವನಿಗೂ ಬಾರದು. ಅದು ಅವ್ವನೊಡನೆ ಹೋಯಿತು. ಪುಸ್ತಕದಲ್ಲಿ ಆ ಜಾಗವನ್ನು ಖಾಲಿಯಾಗಿಯೇ ಬಿಟ್ಟಿದ್ದೇನೆ.

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಹಿರಿಯರಿದ್ದಾರು. ಅವರ ಬಾಯಲ್ಲಿ ಇನ್ನೂ ಹಾಡಿದೆ, ಹೆಸರುಗಳಿವೆ, ಊರುಗಳಿವೆ. ಹಾಲಿನ ಲೆಕ್ಕಕ್ಕೆ ಸಂದ ಆ ನೋಟುಪುಸ್ತಕವನ್ನು ಇಂದೇ ಹುಡುಕಿ ತೆಗೆಯಿರಿ. ಅಂಜಿಕೆ ಬಂದರೆ ಪಕ್ಕದಲ್ಲಿ ಕುಳಿತುಕೊಳ್ಳಲಿ. ನೀವು ಎರಡಾಣೆಯಷ್ಟು ಬರೆಯಿರಿ.